ಅಕ್ಕನ ರಿಪೋರ್ಟಲ್ಲಿ "ಪ್ರೇಮ್ ಪಾಸಿಟಿವ್ 4+" ಅಂತಿದೆ, ಅದು ವೃಷಣದ ಜೀನ್ ಅಂತೆ, ಹೆಂಗಸಿಗೆ ಹೇಗೆ ಬಂತು?

ಸುಮ್ನೆಒಬ್ಳು:

ಎಲ್ರಿಗೂ ನಮಸ್ಕಾರ. ನಾನು ಬಿಕಾಂ ಮಾಡಿದವಳು, ಸೈನ್ಸ್ ಹತ್ತನೇ ಕ್ಲಾಸಿಗೇ ಬಿಟ್ಟಿದ್ದು, ಪ್ರಶ್ನೆ ಪೆದ್ದುಪೆದ್ದಾಗಿದ್ರೆ ಬೇಜಾರ್ ಮಾಡ್ಕೋಬೇಡಿ. ನಮ್ಮಕ್ಕನ ಹಿಮ್ಮಡಿ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆ ಇತ್ತು, ತುಂಬಾ ವರ್ಷದಿಂದ ಇತ್ತು, ಈಚೆಗೆ ಅಂಚು ಹರಡ್ಕೊಂಡು ಶಾಯಿ ಚೆಲ್ಲಿದ ಹಾಗೆ ಆಯ್ತು ಅಂತ ತೋರಿಸಿದ್ವಿ, ತೆಗೆದು ಬಯಾಪ್ಸಿಗೆ ಕಳಿಸಿದ್ರು, ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಅಂತ ಬಂತು. ರಿಪೋರ್ಟಲ್ಲಿ ಒಂದು ಸಾಲು "ಪ್ರೇಮ್: ಪಾಸಿಟಿವ್, 4+" ಅಂತ ಇದೆ. ಮೊದಲು ಓದಿದಾಗ ನಿಜ ಹೇಳ್ತೀನಿ ನಗು ಬಂತು, ಆಮೇಲೆ 4 ನೋಡಿ ಎದೆ ಧಸಕ್ ಅಂತು. ನಾಲ್ಕನೇ ಸ್ಟೇಜಾ ಇದು? ಡಾಕ್ಟರ್ ಅಪಾಯಿಂಟ್ಮೆಂಟ್ ಇರೋದು ಬರೋ ವಾರ, ಅಲ್ಲೀವರೆಗೂ ಮನೇಲಿ ಯಾರೂ ನಿದ್ದೆ ಮಾಡ್ತಿಲ್ಲ.

ರಾತ್ರಿಯಿಡೀ ಕೂತು ಹುಡುಕಿದ್ರೆ ಪ್ರೇಮ್ ಅನ್ನೋದು "ಕ್ಯಾನ್ಸರ್-ಟೆಸ್ಟಿಸ್ ಆಂಟಿಜೆನ್" ಅಂತೆ, ಸಾಮಾನ್ಯವಾಗಿ ಗಂಡಸರ ವೃಷಣದಲ್ಲಿ ಮಾತ್ರ ಕೆಲಸ ಮಾಡೋ ಜೀನ್ ಅಂತೆ. ಅಕ್ಕನಿಗೆ ವೃಷಣ ಎಲ್ಲಿಂದ ಬರ್ಬೇಕು? ಕಾಯಿಲೆ ಇರೋದು ಕಾಲಲ್ಲಿ. ಇದು ಅಪ್ಪನ ಕಡೆಯಿಂದ ಬಂದ ಜೀನಾ, ಹಾಗಾದ್ರೆ ನನಗೂ ಬರುತ್ತಾ? ಯಾರಾದ್ರೂ ಬಿಡಿಸಿ ಹೇಳಿ ಪ್ಲೀಸ್.


ಸ್ಲೈಡ್‌ಮೇಷ್ಟ್ರು:

ಮೊದಲು ಒಂದು ಲೋಟ ನೀರು ಕುಡೀರಿ ಮೇಡಂ. ಆ 4+ಗೂ ನಾಲ್ಕನೇ ಸ್ಟೇಜಿಗೂ ಯಾವ ಸಂಬಂಧಾನೂ ಇಲ್ಲ. ನಾನು ಪ್ಯಾಥಾಲಜಿಯಲ್ಲೇ ಇರೋನು, ದಿನಾ ಇಂಥದ್ದು ಬರೀತೀವಿ, ಬರೆಯೋವಾಗ ಓದೋರು ಹೀಗೆ ಹೆದರ್ತಾರೆ ಅಂತ ನಮಗೆ ಹೊಳೆಯೋದೇ ಇಲ್ಲ, ಅದು ನಮ್ಮದೇ ತಪ್ಪು.

ಆಗೋದು ಇಷ್ಟು. ತೆಗೆದ ಚರ್ಮದ ತುಂಡನ್ನ ಮೇಣದಲ್ಲಿ ಕೂರಿಸಿ ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಅಂಟಿಸ್ತೀವಿ. ಅದರ ಮೇಲೆ ಪ್ರೇಮ್ ಪ್ರೋಟೀನಿಗೆ ಮಾತ್ರ ಹೋಗಿ ಅಂಟೋ ಆಂಟಿಬಾಡಿ ಹಾಕ್ತೀವಿ, ಅಂಟಿದ ಜಾಗದಲ್ಲಿ ಬಣ್ಣ ಬರೋ ಹಾಗೆ ಮಾಡ್ತೀವಿ. ಪ್ರೇಮ್ ಇರೋ ಜೀವಕೋಶಗಳ ನ್ಯೂಕ್ಲಿಯಸ್ ಸಾಲಾಗಿ ರಂಗೇರಿ ಕೂತಿರುತ್ತೆ, ಪಕ್ಕದ ಮಾಮೂಲಿ ಚರ್ಮದ ಕೋಶಗಳು ತಣ್ಣಗೆ ನೀಲಿ. ಸಾಮಾನ್ಯವಾಗಿ ಕಂದು ಬಣ್ಣ ಬಳಸ್ತೀವಿ, ಆದ್ರೆ ಮೆಲನೋಮಾದಲ್ಲಿ ಒಂದು ಫಜೀತಿ, ಕೋಶದೊಳಗೆ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ನೇ ಕಂದು, ಯಾವುದು ನಮ್ಮ ಬಣ್ಣ ಯಾವುದು ದೇವರು ಕೊಟ್ಟ ಬಣ್ಣ ಅಂತ ಕಣ್ಣು ಮೋಸ ಹೋಗುತ್ತೆ, ಅದಕ್ಕೆ ಕೆಲವು ಲ್ಯಾಬಲ್ಲಿ ಕೆಂಪು ಬಳಸ್ತಾರೆ. ಆಮೇಲೆ ಗಡ್ಡೆಯ ಕೋಶಗಳಲ್ಲಿ ಎಷ್ಟು ಪಾಲು ರಂಗೇರಿದೆ ಅಂತ ಅಂದಾಜು ಹಾಕ್ತೀವಿ. ಕಾಲು ಭಾಗದೊಳಗಿದ್ರೆ 1+, ಅರ್ಧದವರೆಗೂ 2+, ಮುಕ್ಕಾಲಿನವರೆಗೂ 3+, ಮುಕ್ಕಾಲು ದಾಟಿದ್ರೆ 4+. ಅಷ್ಟೇ ಅದು.

ಮೆಲನೋಮಾಗಳಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಹೀಗೆ ತುಂಬಾ ರಂಗೇರುತ್ತೆ, ಸಾದಾ ಮಚ್ಚೆಗಳಲ್ಲಿ ಬಹುಪಾಲು ಏನೂ ಬರಲ್ಲ. ಹಾಗಾಗಿ "ಇದು ಬರೀ ಮಚ್ಚೆಯೋ ಮೆಲನೋಮಾನೋ" ಅಂತ ಅನುಮಾನ ಬಂದಾಗ ಸಹಾಯಕ್ಕೆ ಇದನ್ನ ಹಾಕೋದು. ಕಾಯಿಲೆ ಎಷ್ಟು ಮುಂದುವರಿದಿದೆ ಅನ್ನೋದಕ್ಕೆ ಅದೇ ರಿಪೋರ್ಟಲ್ಲಿ "ಬ್ರೆಸ್ಲೋ ದಪ್ಪ" ಅಂತ, ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅನ್ನೋದು, ಮಿಲಿಮೀಟರಲ್ಲಿ ಒಂದು ಸಂಖ್ಯೆ ಇರುತ್ತೆ, ಮೇಲೆ ಹುಣ್ಣಾಗಿದೆಯಾ ಇಲ್ವಾ ಅಂತ ಇರುತ್ತೆ, ಆಮೇಲೆ ದುಗ್ಧಗ್ರಂಥಿ (ಲಿಂಫ್ ನೋಡ್) ನೋಡ್ತಾರೆ. ಡಾಕ್ಟರ್ ಹತ್ರ ಕೇಳ್ಬೇಕಾದ್ದು ಅದನ್ನ. ವೃಷಣದ ಕಥೆ ಇಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ.


ಗೂಬೆಗಣ್ಣು:

ಲ್ಯಾಬ್ ರಿಪೋರ್ಟಲ್ಲಿ ಪ್ರೇಮ ಪತ್ತೆ ಹಚ್ಚೋ ಕಾಲ ಬಂತು ನೋಡಿ. ಸಾರಿ ಮೇಡಂ, ತಡ್ಕೊಳ್ಳೋಕಾಗ್ಲಿಲ್ಲ. ಅಕ್ಕ ಬೇಗ ಹುಷಾರಾಗ್ಲಿ.


ಪಿಪೆಟ್‌ಪುಟ್ಟ:

ನಾನು ಹೇಳ್ತೀನಿ, ಇದೇ ಫೀಲ್ಡಲ್ಲಿ ಪಿಎಚ್‌ಡಿ ಮಾಡ್ತಾ ಕೂದಲು ಉದುರಿಸ್ಕೊಂಡಿರೋನು.

ವೃಷಣದ ಜೀನ್ ಅಂದ್ರೆ ವೃಷಣದಲ್ಲಿ ಮಾತ್ರ "ಇರೋ" ಜೀನ್ ಅಲ್ಲ, ಅಲ್ಲಿ ಮಾತ್ರ "ಓದೋ" ಜೀನ್. ನಿಮ್ಮ ಹಿಮ್ಮಡಿಯ ಕೋಶದಲ್ಲೂ ಕಣ್ಣಿನ ಕೋಶದಲ್ಲೂ ಲಿವರಲ್ಲೂ ಡಿಎನ್‌ಎ ಪುಸ್ತಕ ಪೂರ್ತಿ ಇದೆ, ಒಂದೇ ಪುಸ್ತಕ. ಆದ್ರೆ ಲಿವರಿಗೆ ಬೇಡದ ಪುಟಗಳನ್ನ ಅಂಟಿಸಿ ಮುಚ್ಚಿರುತ್ತೆ. ವೀರ್ಯಾಣು ಮಾಡೋ ಪುಟಗಳು ಗಂಡಸರ ಲಿವರಲ್ಲೂ ಮುಚ್ಚಿರುತ್ತೆ, ಹೆಂಗಸರ ಲಿವರಲ್ಲೂ ಮುಚ್ಚಿರುತ್ತೆ, ಆದ್ರೆ ಇಬ್ಬರಲ್ಲೂ ಇರುತ್ತೆ. ಗಂಡಸರ ಜೀನ್ ಅಂದ ತಕ್ಷಣ ಎಲ್ರೂ ವೈ ಕ್ರೋಮೋಸೋಮ್ ಅನ್ಕೋತಾರೆ, ತಮಾಷೆ ಏನಂದ್ರೆ ಈ ಗುಂಪಿನ ಜೀನುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕೂತಿರೋದು ಎಕ್ಸ್ ಮೇಲೆ. 2005ರಲ್ಲಿ ಎಕ್ಸ್ ಕ್ರೋಮೋಸೋಮ್ ಪೂರ್ತಿ ಓದಿ ಮುಗಿಸಿದಾಗ ಅದರ ಜೀನುಗಳಲ್ಲಿ ಸುಮಾರು ಶೇಕಡಾ 10 ಇದೇ ಜಾತಿಯ ಕುಟುಂಬಗಳವು ಅಂತ ಗೊತ್ತಾಯ್ತು. ಎಕ್ಸ್ ಅಂದ್ರೆ ಹೆಂಗಸರಿಗೆ ಎರಡೆರಡು! ಪ್ರೇಮ್ ಮಾತ್ರ ಎಕ್ಸ್ ಮೇಲಿಲ್ಲ, 22ನೇ ಕ್ರೋಮೋಸೋಮ್ ಮೇಲಿದೆ, ಅದೂ ಎಲ್ರಿಗೂ ಇದ್ದೇ ಇದೆ. ಮತ್ತೆ "ವೃಷಣದಲ್ಲಿ ಮಾತ್ರ" ಅನ್ನೋದೂ ಸ್ವಲ್ಪ ಧಾರಾಳದ ಮಾತು, ಪ್ರೇಮ್ ಅಂಡಾಶಯದಲ್ಲಿ, ಗರ್ಭಕೋಶದ ಒಳಪದರದಲ್ಲಿ ಕೂಡ ಸ್ವಲ್ಪ ಸ್ವಲ್ಪ ಇರುತ್ತೆ.

ಇನ್ನು ಅಂಟು ಅಂದ್ನಲ್ಲ, ಅದು ಮಿಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು. ಜೀನಿನ ಬಾಗಿಲಲ್ಲಿ ಡಿಎನ್‌ಎಗೆ ಮಿಥೈಲ್ ಅಂಟಿಸಿದ್ರೆ ಆ ಜೀನ್ ಓದೋಕಾಗಲ್ಲ. ವೀರ್ಯಾಣು ತಯಾರಾಗೋ ಕಡೆ ಈ ಅಂಟು ತೆಗೆದಿರುತ್ತೆ, ಬೇರೆ ಕಡೆ ಗಟ್ಟಿಯಾಗಿರುತ್ತೆ. ಕ್ಯಾನ್ಸರ್ ಕೋಶಗಳಲ್ಲಿ ಏನಾಗುತ್ತೆ ಅಂದ್ರೆ ಇಡೀ ಡಿಎನ್‌ಎ ಉದ್ದಕ್ಕೂ ಈ ಅಂಟು ಸಡಿಲ ಆಗುತ್ತೆ, ಮಳೆಗೆ ನೆನೆದ ಪುಸ್ತಕದ ಹಾಗೆ, ಎಲ್ಲೆಲ್ಲೋ ಪುಟ ಬಿಚ್ಕೊಳ್ಳುತ್ತೆ, ಬಿಚ್ಕೊಂಡ ಪುಟಗಳಲ್ಲಿ ವೃಷಣದ ಅಧ್ಯಾಯಾನೂ ಒಂದು. ಮೇಜ್-1 ಅನ್ನೋ ಜೀನ್ ವಿಷಯದಲ್ಲಿ 1996ರಲ್ಲೇ ಇದನ್ನ ತೋರಿಸಿದ್ರು. ಡೆಸಿಟಬೀನ್ ಅಂತ ರಕ್ತದ ಕ್ಯಾನ್ಸರಿಗೆ ಕೊಡೋ ಒಂದು ಔಷಧಿ ಇದೆ, ಅದರ ಕೆಲಸಾನೇ ಮಿಥೈಲ್ ಕಮ್ಮಿ ಮಾಡೋದು, ಅದನ್ನ ಡಿಶ್‌ನಲ್ಲಿ ಬೆಳೆಸಿರೋ ಕೋಶಗಳಿಗೆ ಹಾಕಿದ್ರೆ ಕೆಲವೇ ದಿನದಲ್ಲಿ ಮುಚ್ಚಿದ್ದ ವೃಷಣದ ಜೀನುಗಳು ತೆರ್ಕೊಳ್ಳುತ್ತೆ. ನಾನೇ ಮಾಡಿದೀನಿ. ಹಿಂದಿನ ದಿನ ಖಾಲಿ ಇದ್ದ ಜಾಗದಲ್ಲಿ ಕಪ್ಪಗೆ ಒಂದು ಗೆರೆ ಮೂಡಿದ್ದನ್ನ ನೋಡಿ ಜೆಲ್ ಫೋಟೋನ ಎರಡು ಸಲ ಪ್ರಿಂಟ್ ತೆಗೆದಿದ್ದೆ.

ಇನ್ನೊಂದು ವಿಷಯ, ನಿಮ್ಮ ಪ್ರಶ್ನೆ ನೋಡಿ ನೆನಪಾಯ್ತು. ಈ ಇಡೀ ಗುಂಪಿನಲ್ಲಿ ಮೊದಲು ಸಿಕ್ಕಿದ್ದು ಮೇಜ್-1, 1991ರಲ್ಲಿ, ಬ್ರಸೆಲ್ಸ್‌ನಲ್ಲಿ ಥಿಯೆರಿ ಬೂನ್ ಅವರ ತಂಡಕ್ಕೆ. ಒಬ್ಬ ರೋಗಿಯ ರಕ್ತದಲ್ಲಿ ಕಾವಲು ಕಾಯೋ ಟಿ-ಸೆಲ್‌ಗಳು ಆ ರೋಗಿಯದೇ ಗಡ್ಡೆಯನ್ನ ಗುರುತು ಹಿಡಿದು ಕೊಲ್ತಿದ್ವು, ಏನನ್ನ ನೋಡಿ ಗುರುತು ಹಿಡೀತಿವೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು. ಆ ಗಡ್ಡೆ ಮೆಲನೋಮಾ. ಆ ರೋಗಿ ಕೂಡ ಹೆಂಗಸೇ. ಆಮೇಲೆ 1997ರಲ್ಲಿ ನ್ಯೂಯಾರ್ಕಲ್ಲಿ ಲಾಯ್ಡ್ ಓಲ್ಡ್, ಯಾವೋ-ತ್ಸೆಂಗ್ ಚೆನ್ ಅವರೆಲ್ಲ ಅನ್ನನಾಳದ ಗಡ್ಡೆಯಿಂದ ಇದೇ ಗುಂಪಿನ ಎನ್‌ವೈ-ಇಎಸ್‌ಒ-1 ಹುಡುಕಿದ್ರು, "ಕ್ಯಾನ್ಸರ್-ಟೆಸ್ಟಿಸ್" ಅನ್ನೋ ಹೆಸರೂ ಅವರೇ ಇಟ್ಟಿದ್ದು.

ನಿಮಗೆ ಬರುತ್ತಾ ಅಂದ್ರಿ. ಪ್ರೇಮ್ ತೆರ್ಕೊಂಡಿರೋದು ಅಕ್ಕನ ಗಡ್ಡೆಯ ಕೋಶಗಳಲ್ಲಿ ಮಾತ್ರ, ಅಲ್ಲೇ ಆಗಿದ್ದು ಅಲ್ಲೇ ಇರುತ್ತೆ, ವಂಶದಲ್ಲಿ ಹರಿದು ಬರೋ ತಪ್ಪಲ್ಲ ಅದು. ಮೆಲನೋಮಾ ಇರೋರ ಒಡಹುಟ್ಟಿದವರು ತಮ್ಮ ಮಚ್ಚೆಗಳನ್ನ ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸೋದು ಒಳ್ಳೇದು, ಅದು ಬೇರೆ ಮಾತು.


ಸುಮ್ನೆಒಬ್ಳು:

ಮೇಷ್ಟ್ರೇ, ಪುಟ್ಟ ಸರ್, ಇಬ್ರಿಗೂ ಕೈ ಮುಗೀತೀನಿ. 4+ ವಿಷಯ ಓದಿದ ತಕ್ಷಣ ಅಮ್ಮನ ಎಬ್ಬಿಸಿ ಹೇಳಿದೆ. ಬ್ರೆಸ್ಲೋ 0.9 ಮಿಲಿಮೀಟರ್ ಅಂತ ಇದೆ, ಹುಣ್ಣಿಲ್ಲ ಅಂತ ಇದೆ. ಇದೆಲ್ಲ ಡಾಕ್ಟರ್ ಹತ್ರಾನೇ ಕೇಳ್ತೀನಿ, ಇಲ್ಲಿ ಕೇಳಲ್ಲ.

ಆದ್ರೆ ಈಗ ಇನ್ನೊಂದು ತಲೇಲಿ ಹುಳ ಬಿಟ್ಟಂಗಾಯ್ತು. ಪುಸ್ತಕ ನೆಂದು ಪುಟ ಬಿಚ್ಕೊಂಡಿದೆ, ಸರಿ. ಬಿಚ್ಕೊಂಡ ಪುಟ ಸುಮ್ನೆ ಬಿಚ್ಕೊಂಡಿರುತ್ತಾ, ಇಲ್ಲ ಅದೂ ಏನಾದ್ರೂ ಕಿತಾಪತಿ ಮಾಡುತ್ತಾ? ವೀರ್ಯಾಣು ಮಾಡೋ ಜೀನ್ ಕಾಲಲ್ಲಿ ತೆರ್ಕೊಂಡು ಏನು ಮಾಡೀತು?


ಪಿಪೆಟ್‌ಪುಟ್ಟ:

ಇದು ಪ್ರಶ್ನೆ ಅಂದ್ರೆ. ಸುಮಾರು ವರ್ಷ ಈ ಫೀಲ್ಡಿನವರೇ "ಅದೇನೂ ಮಾಡಲ್ಲ, ಬರೀ ಗುರುತು" ಅಂತ ಕೂತಿದ್ರು, ಎಲ್ರಿಗೂ ವ್ಯಾಕ್ಸೀನ್ ಮಾಡೋ ಆತುರ. ಅದು ಒಳಗೆ ಏನು ಮಾಡ್ತಿದೆ ಅಂತ ಗಂಭೀರವಾಗಿ ಹುಡುಕೋಕೆ ಶುರು ಮಾಡಿದ್ದು ತಡವಾಗಿ.

ವೃಷಣದಲ್ಲಿ ಏನು ನಡೀತಿದೆ ಅಂತ ಒಂದ್ಸಲ ಯೋಚ್ನೆ ಮಾಡಿ. ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ತಯಾರಾಗ್ಬೇಕು, ಕೋಶಗಳು ನಿಲ್ಲದೆ ವಿಭಜನೆ ಆಗ್ತಾನೇ ಇರ್ಬೇಕು. ಮಧ್ಯದಲ್ಲಿ ಮಿಯಾಸಿಸ್ ಅಂತ ಒಂದು ಘಟ್ಟ ಬರುತ್ತೆ, ಅಲ್ಲಿ ಕೋಶ ತನ್ನ ಡಿಎನ್‌ಎನ ತಾನೇ ನೂರಾರು ಕಡೆ ಕತ್ತರಿಸ್ಕೊಂಡು ಮತ್ತೆ ಜೋಡಿಸ್ಕೊಳ್ಳುತ್ತೆ, ಬೇರೆ ಯಾವ ಕೋಶ ಆದ್ರೂ ಇಷ್ಟು ಕತ್ತರಿಸ್ಕೊಂಡ್ರೆ ಆತ್ಮಹತ್ಯೆ ಮಾಡ್ಕೊಳ್ಳುತ್ತೆ. ರಕ್ತನಾಳ ಒಳಗಡೆ ಹೋಗಲ್ಲ, ಆಕ್ಸಿಜನ್ ಕಮ್ಮಿ. ಕೊನೆಗೆ ಬಾಲ ಬೆಳೆಸ್ಕೊಂಡು ಊರು ಬಿಟ್ಟು ಹೋಗ್ಬೇಕು. ಈಗ ಇದೇ ಪಟ್ಟಿಯನ್ನ ಕ್ಯಾನ್ಸರ್ ಕೋಶದ ಮುಂದೆ ಹಿಡೀರಿ, ನಿಲ್ಲದೆ ವಿಭಜನೆ, ಮುರಿದ ಡಿಎನ್‌ಎ ಇದ್ರೂ ಸಾಯದೆ ಇರೋದು, ಕಮ್ಮಿ ಆಕ್ಸಿಜನಲ್ಲಿ ಬದುಕೋದು, ಜಾಗ ಬಿಟ್ಟು ಓಡೋದು. ಅದಕ್ಕೆ ಬೇಕಾಗಿರೋ ಹತಾರಗಳೆಲ್ಲ ಒಂದೇ ಪೆಟ್ಟಿಗೇಲಿ ರೆಡಿಯಾಗಿ ಸಿಕ್ಕಂಗಾಯ್ತು.

ನೀವು ಬಿಕಾಂ ಅಂದ್ರಲ್ಲ, ನಿಮಗೆ ಅದೇ ಮೇಜ್ ಕುಟುಂಬದ ಮೇಜ್-ಎ3, ಮೇಜ್-ಎ6 ಕಥೆ ಹೇಳ್ತೀನಿ. ಪ್ರತಿ ಕೋಶದಲ್ಲೂ ಎಎಂಪಿಕೆ ಅಂತ ಒಬ್ಬ ಅಕೌಂಟೆಂಟ್ ಇದಾನೆ. ಶಕ್ತಿ ಖಾಲಿಯಾಗ್ತಾ ಬಂದ ತಕ್ಷಣ "ಹೊಸ ಖರ್ಚು ಬಂದ್, ಹಳೇ ಸಾಮಾನು ಕರಗಿಸಿ ಬಳಸ್ಕೊಳ್ಳಿ, ಬೆಳವಣಿಗೆ ಆಮೇಲೆ" ಅಂತ ಆರ್ಡರ್ ಹೊರಡಿಸ್ತಾನೆ. ಮೇಜ್-ಎ3, ಎ6 ಏನು ಮಾಡುತ್ತೆ ಅಂದ್ರೆ ಟ್ರಿಮ್28 ಅನ್ನೋ ಇನ್ನೊಂದು ಪ್ರೋಟೀನನ್ನ ಜೊತೆಗೆ ಕರ್ಕೊಂಡು ಹೋಗಿ ಈ ಅಕೌಂಟೆಂಟ್ ಬೆನ್ನಿಗೆ "ಕಸಕ್ಕೆ" ಅಂತ ಚೀಟಿ ಅಂಟಿಸಿ ಬರುತ್ತೆ, ಯುಬಿಕ್ವಿಟಿನ್ ಅಂತಾರೆ ಆ ಚೀಟಿಗೆ, ಚೀಟಿ ಬಿದ್ದ ಪ್ರೋಟೀನನ್ನ ಕೋಶ ಪುಡಿ ಮಾಡಿ ಬಿಸಾಕುತ್ತೆ. ಖರ್ಚಿಗೆ ತಡೆ ಹಾಕೋನೇ ಇಲ್ಲ ಅಂದಮೇಲೆ ಕೋಶ ಬೆಳೀತಾ ಹೋಗುತ್ತೆ. ಇದು 2015ರಲ್ಲಿ ಬಂದ ಕೆಲಸ. ಅದರಲ್ಲಿ ನನಗೆ ಇಷ್ಟವಾದ ಭಾಗ ಎರಡೂ ಕಡೆಯಿಂದ ಪರೀಕ್ಷೆ ಮಾಡಿದ್ದು, ಕ್ಯಾನ್ಸರ್ ಕೋಶದಲ್ಲಿ ಇದನ್ನ ತೆಗೆದ್ರೆ ಅವು ಸೊರಗಿದ್ವು, ಕ್ಯಾನ್ಸರ್ ಅಲ್ಲದ ಕೋಶಕ್ಕೆ ಇದನ್ನ ಹಾಕಿದ್ರೆ ಅವಕ್ಕೆ ಗಡ್ಡೆಯ ಬುದ್ಧಿ ಬಂತು.

ಹಾಗಾದ್ರೆ ವೃಷಣದಲ್ಲಿ ಇಂಥ ಪೋಲಿ ಪ್ರೋಟೀನ್ ಯಾಕಿದೆ? ಇಲಿಗಳಲ್ಲಿ ಈ ಮೇಜ್-ಎ ಜೀನುಗಳನ್ನ ತೆಗೆದು ನೋಡಿದ್ರು. ಹೊಟ್ಟೆ ತುಂಬಾ ತಿನ್ನೋ ಇಲಿಗಳಿಗೆ ಏನೂ ಆಗ್ಲಿಲ್ಲ, ಮರಿಗಳಾದ್ವು. ಉಪವಾಸ ಕೆಡವಿದಾಗ ಮಾತ್ರ ಅವುಗಳ ವೃಷಣ ಮಾಮೂಲಿ ಇಲಿಗಿಂತ ಜಾಸ್ತಿ ಹಾಳಾಯ್ತು. ಅಂದ್ರೆ ಬರಗಾಲದಲ್ಲೂ ಬಿತ್ತನೆ ಬೀಜ ಉಳಿಸ್ಕೊಳ್ಳೋ ವ್ಯವಸ್ಥೆ ಇದು. ಮನೇಲಿ ಎಷ್ಟೇ ಹಸಿವಿದ್ರೂ ಬಿತ್ತನೆ ಬೀಜ ಮುಟ್ಟಲ್ಲ ಅಂತಾರಲ್ಲ, ಹಾಗೆ. ಗಡ್ಡೆಯೊಳಗೂ ಯಾವಾಗ್ಲೂ ಬರಗಾಲಾನೇ, ರಕ್ತ ಸರಿಯಾಗಿ ಬರಲ್ಲ, ಸಕ್ಕರೆ ಕಮ್ಮಿ, ಅಲ್ಲಿ ಈ ವ್ಯವಸ್ಥೆ ಸಿಕ್ಕಿದವನೇ ರಾಜ.

ಕಾಕ್ಸ್6ಬಿ2 ಅಂತ ಇನ್ನೊಂದಿದೆ, ಅದು ವೀರ್ಯಾಣುವಿಗೆ ಶಕ್ತಿ ಕೊಡೋ ಇಂಜಿನ್ನು, ಅಂದ್ರೆ ಮೈಟೋಕಾಂಡ್ರಿಯಾದ ಬಿಡಿಭಾಗ. ಶ್ವಾಸಕೋಶದ ಕೆಲವು ಗಡ್ಡೆಗಳು ಇದನ್ನ ತೆರ್ಕೊಂಡು ಉಸಿರಾಟದ ಇಂಜಿನ್ನಿಗೆ ಸಿಕ್ಕಿಸ್ಕೊಳ್ತವೆ, ಕಮ್ಮಿ ಆಕ್ಸಿಜನಲ್ಲೂ ಇಂಜಿನ್ ಎಳೆಯುತ್ತೆ, 2020ರಲ್ಲಿ ಬಂತು ಇದು. ಫೇಟ್1 ಅಂತ ಒಂದು, ಕೋಶಕ್ಕೆ "ಸಾಯಿ" ಅಂತ ಹೇಳೋ ಬಿಕ್ ಅನ್ನೋ ಪ್ರೋಟೀನನ್ನ ಕಮ್ಮಿ ಮಾಡುತ್ತೆ.

ಅಕ್ಕನ ಪ್ರೇಮ್ ವಿಷಯಕ್ಕೆ ಬಂದ್ರೆ, 2005ರಲ್ಲಿ ಗೊತ್ತಾಗಿದ್ದು: ವಿಟಮಿನ್ ಎಯಿಂದ ದೇಹ ಮಾಡ್ಕೊಳ್ಳೋ ರೆಟಿನೋಯಿಕ್ ಆಸಿಡ್ ಅನ್ನೋದು ಕೋಶಗಳಿಗೆ "ಆಟ ಸಾಕು, ದೊಡ್ಡವನಾಗು, ನಿನ್ನ ಕೆಲಸ ಮಾಡು" ಅಂತ ಹೇಳೋ ಸಂದೇಶ. ಪ್ರೇಮ್ ಹೋಗಿ ಆ ಸಂದೇಶ ತಗೊಳ್ಳೋ ರಿಸೆಪ್ಟರ್ ಮೇಲೆ ಕೂತ್ಕೊಂಡು ಅದನ್ನ ಕಿವುಡು ಮಾಡುತ್ತೆ. ಕೋಶ ದೊಡ್ಡದಾಗದೆ ಹುಡುಗಾಟದಲ್ಲೇ ವಿಭಜನೆ ಆಗ್ತಾ ಇರುತ್ತೆ.


ಸಂದೇಹಸಿಂಗ:

ಪುಟ್ಟ, ಕಥೆ ಚೆನ್ನಾಗಿದೆ ಗುರು, ಆದ್ರೆ ಸ್ವಲ್ಪ ಜಾಸ್ತಿ ಚೆನ್ನಾಗಿದೆ. ನೀನೇ ಹೇಳಿದೆ ಅಂಟು ಎಲ್ಲಾ ಕಡೆ ಸಡಿಲ ಆಗುತ್ತೆ ಅಂತ. ಹಾಗಾದ್ರೆ ನೂರಾರು ಜೀನ್ ಒಟ್ಟಿಗೇ ತೆರ್ಕೊಳ್ಳುತ್ತೆ, ಅದರಲ್ಲಿ ಬಹುಪಾಲು ಬಸ್ಸಲ್ಲಿ ಸುಮ್ನೆ ಕೂತಿರೋ ಪ್ಯಾಸೆಂಜರ್‌ಗಳು, ಒಬ್ಬಿಬ್ಬರು ಡ್ರೈವರ್ ಇರಬಹುದು. ನೀನು ಡ್ರೈವರ್‌ಗಳ ಹೆಸರು ಮಾತ್ರ ಹೇಳಿ ಇಡೀ ಬಸ್ಸೇ ಡ್ರೈವರ್ ಅನ್ನೋ ಹಾಗೆ ಮಾಡ್ದೆ. ಹಾರ್ಮ್ಯಾಡ್1 ಅನ್ನೋ ಇನ್ನೊಂದು ವೃಷಣದ ಜೀನ್ ವಿಷಯ ಬೇಕಂತಲೇ ಬಿಟ್ಟೆ ಅನ್ಸುತ್ತೆ. ಸ್ತನದ ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಅದು ಡಿಎನ್‌ಎ ರಿಪೇರಿ ಕೆಡಿಸುತ್ತೆ ಅಂತ ಒಂದು ತಂಡ, ಶ್ವಾಸಕೋಶದ ಗಡ್ಡೆಯಲ್ಲಿ ಅದೇ ಪ್ರೋಟೀನ್ ಹಾನಿ ತಡ್ಕೊಳ್ಳೋಕೆ ಸಹಾಯ ಮಾಡುತ್ತೆ ಅಂತ ಇನ್ನೊಂದು ತಂಡ. ಕೆಡಿಸಿದ್ರೂ ಕ್ಯಾನ್ಸರಿಗೆ ಲಾಭ, ಉಳಿಸಿದ್ರೂ ಲಾಭ ಅಂದ್ರೆ ನಾನು ಏನಂತ ನಂಬ್ಲಿ?


ಪಿಪೆಟ್‌ಪುಟ್ಟ:

ಹೊಡೆದೆ ಸರಿಯಾಗಿ. ಒಪ್ಕೋತೀನಿ, ಬಹುಪಾಲು ಪ್ಯಾಸೆಂಜರ್‌ಗಳೇ ಇರಬಹುದು, ಒಂದೊಂದನ್ನೂ ಬೇರೆ ಬೇರೆಯಾಗಿ ಆಫ್ ಮಾಡಿ ನೋಡದೆ ಹೇಳೋಕಾಗಲ್ಲ. ಹಾರ್ಮ್ಯಾಡ್1 ಬಿಟ್ಟಿದ್ದು ನಿಜ, ಉದ್ದ ಆಗುತ್ತೆ ಅಂತ. ಆದ್ರೆ ಅದು ನನಗೆ ಅಷ್ಟು ವಿರೋಧ ಅನ್ಸಲ್ಲ, ಮಿಯಾಸಿಸಲ್ಲಿ ಅದರ ಕೆಲಸಾನೇ ಮುರಿದ ಡಿಎನ್‌ಎ ಯಾವ ದಾರೀಲಿ ಜೋಡಿಸ್ಬೇಕು ಅಂತ ತಿರುಗಿಸೋದು, ಬೇರೆ ಬೇರೆ ಕೋಶದಲ್ಲಿ ಸುತ್ತ ಇರೋ ಪ್ರೋಟೀನುಗಳು ಬೇರೆ, ಹಾಗಾಗಿ ತಿರುಗೋ ದಿಕ್ಕೂ ಬೇರೆ ಆಗಬಹುದು.

ನಿನ್ನಂಥವರಿಗೆ ನಾನು ಯಾವಾಗ್ಲೂ ತೋರಿಸೋದು ಹಣ್ಣುನೊಣದ ಪ್ರಯೋಗ, 2010ರದ್ದು. ಎಲ್(3)ಎಂಬಿಟಿ ಅಂತ ಒಂದು ಜೀನ್ ಕೆಟ್ಟುಹೋದ ನೊಣದ ಮರಿಗಳ ಮೆದುಳಲ್ಲಿ ಗಡ್ಡೆ ಬರುತ್ತೆ. ಆ ಗಡ್ಡೆ ತೆಗೆದು ನೋಡಿದ್ರೆ ಒಳಗೆ ನಾನೋಸ್, ವಾಸಾ, ಪಿವಿ ಅನ್ನೋ ಜೀನುಗಳು ತೆರ್ಕೊಂಡಿವೆ, ಅವು ಮೊಟ್ಟೆ ಮತ್ತು ವೀರ್ಯಾಣು ಮಾಡೋ ಕೋಶಗಳಲ್ಲಿ ಮಾತ್ರ ಇರ್ಬೇಕಾದವು. ಅಲ್ಲಿಗೆ ನಿಲ್ಲಿಸಿದ್ರೆ ನೀನು ಪ್ಯಾಸೆಂಜರ್ ಅಂತೀಯ. ಅವರು ಏನು ಮಾಡಿದ್ರು ಅಂದ್ರೆ ಅದೇ ನೊಣದಲ್ಲಿ ಆ ಜೀನುಗಳನ್ನೂ ಕೆಡಿಸಿದ್ರು, ಗಡ್ಡೆ ಬೆಳೆಯೋದು ತಗ್ಗಿಹೋಯ್ತು. ಬಸ್ಸಿಂದ ಒಬ್ಬನ್ನ ಇಳಿಸಿದ್ರೆ ಬಸ್ಸು ನಿಂತ್ರೆ ಅವನು ಪ್ಯಾಸೆಂಜರ್ ಹೇಗಾಗ್ತಾನೆ?


ಸಂದೇಹಸಿಂಗ:

ನೊಣದ ಬಸ್ಸು ಅದು. ಆದ್ರೂ ಸರಿ, ಇದನ್ನ ಒಪ್ಕೋತೀನಿ.


ಹಸಿರುಕಷಾಯ:

ಪ್ರೇಮ್ ವಿಟಮಿನ್ ಎ ಸಂದೇಶ ತಡೆಯುತ್ತೆ ಅಂದ್ರಲ್ಲ, ಹಾಗಾದ್ರೆ ವಿಟಮಿನ್ ಎ ಜಾಸ್ತಿ ತಗೊಂಡ್ರೆ ಆಯ್ತಲ್ಲ? ಮಾತ್ರೆ ಸುಲಭವಾಗಿ ಸಿಗುತ್ತೆ, ಇಷ್ಟು ಸಿಂಪಲ್ ವಿಷಯ ಡಾಕ್ಟರ್‌ಗಳು ಯಾಕೆ ಹೇಳಲ್ಲ?


ಸ್ಲೈಡ್‌ಮೇಷ್ಟ್ರು:

ಮೇಡಂ, ದಯವಿಟ್ಟು ಮೇಲಿನದನ್ನ ಓದಿ ಅಕ್ಕನಿಗೆ ಏನೂ ಕೊಡಬೇಡಿ.

ಕಷಾಯ ಅವರೇ, ಕಾಲಿಂಗ್ ಬೆಲ್ಲಿನ ವೈರೇ ಕಟ್ ಆಗಿರೋವಾಗ ಬಟನ್ ಎಷ್ಟು ಗಟ್ಟಿಯಾಗಿ ಒತ್ತಿದ್ರೆ ಏನು ಬಂತು? ಪ್ರೇಮ್ ತಡೆಯೋದು ಸಂದೇಶ ತಗೊಳ್ಳೋ ತುದೀನ. ಮೇಲಾಗಿ ವಿಟಮಿನ್ ಎ ನೀರಲ್ಲಿ ಹರಿದುಹೋಗೋ ವಿಟಮಿನ್ ಅಲ್ಲ, ಜಾಸ್ತಿಯಾದ್ರೆ ಲಿವರಲ್ಲಿ ಕೂತು ಲಿವರನ್ನೇ ಕೆಡಿಸುತ್ತೆ. ರೆಟಿನೋಯಿಕ್ ಆಸಿಡ್ ನಿಜವಾಗ್ಲೂ ಪವಾಡ ಮಾಡೋ ಒಂದು ಕಾಯಿಲೆ ಇದೆ, ಎಪಿಎಲ್ ಅನ್ನೋ ರಕ್ತದ ಕ್ಯಾನ್ಸರ್, ಅಲ್ಲಿ ಕೆಟ್ಟಿರೋದೇ ಆ ರಿಸೆಪ್ಟರ್ ಜೀನು, ಹಾಗಾಗಿ ಕೆಲಸ ಮಾಡುತ್ತೆ, ಅದೂ ಆಸ್ಪತ್ರೆಯಲ್ಲಿ ಕಾವಲಿಟ್ಟು ಕೊಡೋದು. ಒಂದು ಬೀಗದ ಕೀ ಇನ್ನೊಂದು ಬಾಗಿಲಿಗೆ ಹಾಕಿದ್ರೆ ಬಾಗಿಲು ತೆರೆಯಲ್ಲ, ಕೀ ಮುರಿಯುತ್ತೆ.


ಎಡಬದಿಸೀಟು:

ಗಂಡಸಾಗಿ ಒಂದು ಪ್ರಶ್ನೆ, ನಗಬೇಡಿ. ನಮ್ಮಲ್ಲಿ ಈ ಜೀನ್‌ಗಳು ಯಾವಾಗ್ಲೂ ಆನ್ ಇರುತ್ತಲ್ಲ, ಹಾಗಾದ್ರೆ ನಮಗೆ ಅಪಾಯ ಜಾಸ್ತಿನಾ? ಇನ್ನೊಂದು, ನಮ್ಮ ದೇಹದ ಇಮ್ಯೂನ್ ಸಿಸ್ಟಮ್ ಗಡ್ಡೆಯಲ್ಲಿರೋ ಮೇಜ್ ನೋಡಿ ಹೊಡೆಯುತ್ತೆ ಅಂದ್ರೆ ವೃಷಣವನ್ನ ಯಾಕೆ ಬಿಡುತ್ತೆ?


ಪಿಪೆಟ್‌ಪುಟ್ಟ:

ಮೊದಲನೇದಕ್ಕೆ ಇಲ್ಲ. ವೃಷಣದಲ್ಲಿ ಆನ್ ಇರೋದು ಅಲ್ಲೇ ಇರುತ್ತೆ, ಅಲ್ಲಿಂದ ರಕ್ತದಲ್ಲಿ ತೇಲಿ ಹೋಗಿ ಶ್ವಾಸಕೋಶಕ್ಕೆ ಅಂಟಲ್ಲ. ಗಡ್ಡೆಯ ಕೋಶ ತನ್ನದೇ ಪ್ರತಿಯನ್ನ ತಾನೇ ತೆರ್ಕೊಳ್ಳೋದು.

ಎರಡನೇದು ಒಳ್ಳೇ ಪ್ರಶ್ನೆ. ಇಮ್ಯೂನ್ ಸಿಸ್ಟಮ್ "ನಮ್ಮವರು ಯಾರು" ಅಂತ ಪಾಠ ಶುರು ಮಾಡೋದು ತಾಯಿ ಹೊಟ್ಟೆಯಿಂದಾನೇ, ವೀರ್ಯಾಣು ಬರೋದು ಹದಿವಯಸ್ಸಿನಲ್ಲಿ, ಅಷ್ಟರಲ್ಲಿ ಹಾಜರಿ ಕೂಗಿ ಆಗಿರುತ್ತೆ. ಹಾಗಾಗಿ ಈ ಪ್ರೋಟೀನುಗಳು ಅದರ ಕಣ್ಣಿಗೆ ಪರಕೀಯರ ಹಾಗೆ. ಇದಕ್ಕೆ ದೇಹ ಮಾಡಿರೋ ಉಪಾಯ ಎರಡು. ವೃಷಣದೊಳಗಿನ ಸರ್ಟೋಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲ್ಕೊಂಡು ಗೋಡೆ ಕಟ್ಟಿರುತ್ತೆ, ಗೋಡೆ ಒಳಗೆ ವೀರ್ಯಾಣು ತಯಾರಾಗೋದು. ಇನ್ನು ಆ ಕೋಶಗಳ ಮೈಮೇಲೆ ಎಚ್‌ಎಲ್‌ಎ ಅನ್ನೋ ಶೋಕೇಸೇ ಇರಲ್ಲ. ಟಿ-ಸೆಲ್ ನೋಡೋದು ಶೋಕೇಸಲ್ಲಿ ಇಟ್ಟ ಚೂರುಗಳನ್ನ ಮಾತ್ರ, ಶೋಕೇಸ್ ಇಲ್ಲ ಅಂದ್ರೆ ಒಳಗೆ ಮೇಜ್ ಗುಡ್ಡೆ ಬಿದ್ದಿದ್ರೂ ಕಾಣಲ್ಲ. ಗಡ್ಡೆಯ ಕೋಶಕ್ಕೆ ಶೋಕೇಸ್ ಇದೆ. ಅದಕ್ಕೇ ಚಿಕಿತ್ಸೆ ಮಾಡೋರಿಗೆ ಇದರ ಮೇಲೆ ಇಷ್ಟು ಆಸೆ, ಹೊಡೆದ್ರೆ ಗಡ್ಡೆಗೆ ಬೀಳ್ಬೇಕು, ವೃಷಣಕ್ಕೆ ಬೀಳಬಾರದು, ಬೇರೆ ಕಡೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಆಸೆ ಪಟ್ಟಷ್ಟು ಸುಲಭ ಆಗ್ಲಿಲ್ಲ. ಮೇಜ್-ಎ3 ವ್ಯಾಕ್ಸೀನನ್ನ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ 2272 ಜನರಲ್ಲಿ ನೋಡಿದ್ರು, ಮ್ಯಾಗ್ರಿಟ್ ಅಂತ ಟ್ರಯಲ್, 2014ರಲ್ಲಿ ಫಲಿತಾಂಶ ಬಂತು, ಕಾಯಿಲೆ ಮರುಕಳಿಸೋದು ತಡೀಲಿಲ್ಲ. ಅದಕ್ಕಿಂತ ಬೇಜಾರಿನದು 2013ರಲ್ಲಿ ವರದಿಯಾಗಿದ್ದು. ಮೇಜ್-ಎ3 ನೋಡಿ ಹೊಡೆಯೋ ಹಾಗೆ ಟಿ-ಸೆಲ್‌ಗಳನ್ನ ತಿದ್ದಿ, ಇನ್ನಷ್ಟು ಚೂಪು ಮಾಡಿ ಇಬ್ಬರು ರೋಗಿಗಳಿಗೆ ಕೊಟ್ರು, ಇಬ್ಬರೂ ಕೆಲವೇ ದಿನದಲ್ಲಿ ಹೃದಯ ನಿಂತು ತೀರ್ಕೊಂಡ್ರು. ಹೃದಯದಲ್ಲಿ ಮೇಜ್ ಇರಲಿಲ್ಲ. ಟೈಟಿನ್ ಅನ್ನೋ ಸ್ನಾಯುವಿನ ದೊಡ್ಡ ಪ್ರೋಟೀನಿನ ಒಂದು ಚೂರು ನೋಡೋಕೆ ಮೇಜ್ ಚೂರಿನ ಹಾಗೇ ಇತ್ತು, ಟಿ-ಸೆಲ್ ಅದನ್ನ ಹೊಡೆದಿತ್ತು. ಮಾಮೂಲಿ ಹೃದಯದ ಕೋಶಗಳನ್ನ ಡಿಶ್‌ನಲ್ಲಿಟ್ಟು ಮೊದಲೇ ಪರೀಕ್ಷೆ ಮಾಡಿದಾಗ ಗೊತ್ತಾಗಿರಲಿಲ್ಲ, ಸ್ಟೆಮ್ ಸೆಲ್ಲಿಂದ ಮಾಡಿದ, ಡಿಶ್‌ನಲ್ಲೇ ಮಿಡಿಯೋ ಹೃದಯದ ಕೋಶ ತಂದಿಟ್ಟಾಗ ಮಾತ್ರ ಗೊತ್ತಾಯ್ತು. ಈ ಪೇಪರ್ ಓದಿದ ದಿನ ನಾನು ಲ್ಯಾಬಲ್ಲಿ ಏನೂ ಕೆಲಸ ಮಾಡ್ಲಿಲ್ಲ.

ಆದ್ರೂ ಬಿಡಲಿಲ್ಲ ಜನ. 2024ರ ಆಗಸ್ಟಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಅಫಾಮಿ-ಸೆಲ್ ಅಂತ ಒಂದನ್ನ ಒಪ್ಕೊಳ್ತು, ಇದು ಮೇಜ್-ಎ4 ನೋಡಿ ಹೊಡೆಯೋ ಟಿ-ಸೆಲ್, ಸೈನೋವಿಯಲ್ ಸಾರ್ಕೋಮಾ ಅನ್ನೋ ಅಪರೂಪದ ಕ್ಯಾನ್ಸರಿಗೆ. 44 ಜನರಲ್ಲಿ ಸುಮಾರು ಶೇಕಡಾ 43 ಜನಕ್ಕೆ ಗಡ್ಡೆ ಕುಗ್ಗಿತು. ಎಚ್‌ಎಲ್‌ಎ-ಎ2 ಗುಂಪಿನ ಶೋಕೇಸ್ ಇರೋರಿಗೆ ಮಾತ್ರ ಅದು.


ಸುಮ್ನೆಒಬ್ಳು:

ಹಾಗಾದ್ರೆ ಪ್ರೇಮಿಗೂ ಇಂಥದ್ದು ಇದೆಯಾ? (ಹೀಗೆ ಬರೆದ ಮೇಲೆ ಹೇಗೆ ಓದುತ್ತೆ ಅಂತ ಗೊತ್ತಾಯ್ತು, ಇರಲಿ ಬಿಡಿ.)


ಸ್ಲೈಡ್‌ಮೇಷ್ಟ್ರು:

ಪ್ರೇಮ್ ಗುರಿಯಿಟ್ಟು ಮಾಡ್ತಿರೋ ಟಿ-ಸೆಲ್ ಚಿಕಿತ್ಸೆಗಳ ಟ್ರಯಲ್ ಮೆಲನೋಮಾದಲ್ಲಿ ನಡೀತಿವೆ, ಅವು ಕಾಯಿಲೆ ತುಂಬಾ ಹರಡಿದವರಿಗೆ. 0.9 ಮಿಲಿಮೀಟರ್, ಹುಣ್ಣಿಲ್ಲ ಅಂತ ಬರೆದಿರೋರಿಗೆ ಮೊದಲು ಮಾಡೋದು ಮಚ್ಚೆ ಇದ್ದ ಜಾಗದ ಸುತ್ತ ಇನ್ನೊಂದಿಷ್ಟು ಚರ್ಮ ತೆಗೆಯೋದು. ದುಗ್ಧಗ್ರಂಥಿ ಪರೀಕ್ಷೆ ಬೇಕಾ ಬೇಡ್ವಾ ಅಂತ ಈ ದಪ್ಪದಲ್ಲಿ ಕೂತು ಮಾತಾಡಿ ತೀರ್ಮಾನ ಮಾಡ್ತಾರೆ, ಅದನ್ನ ಮರೀದೆ ಕೇಳಿ. ರಿಪೋರ್ಟ್ ಜೊತೆಗೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಲ್ಯಾಬಿಂದ ಇಸ್ಕೊಂಡು ಹೋಗಿ, ಎರಡನೇ ಅಭಿಪ್ರಾಯ ಬೇಕಂದ್ರೆ ಓಡಾಟ ತಪ್ಪುತ್ತೆ. ಬ್ಲಾಕನ್ನ ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಮಾತ್ರ ಬಿಡಬೇಡಿ, ಮೇಣ ಕರಗುತ್ತೆ.


ಸುಮ್ನೆಒಬ್ಳು:

ಬರ್ಕೊಂಡೆ ಮೇಷ್ಟ್ರೇ, ಬ್ಲಾಕ್ ವಿಷಯ ಕೂಡ. ಇವತ್ತು ಇಡೀ ಥ್ರೆಡ್ ಅಕ್ಕನಿಗೆ ಓದಿ ಹೇಳಿದೆ. ಅಕೌಂಟೆಂಟ್ ಬೆನ್ನಿಗೆ ಚೀಟಿ ಅಂಟಿಸೋದು ಅವಳಿಗೆ ತುಂಬಾ ಹಿಡಿಸ್ತು, ಅವಳೂ ಅಕೌಂಟ್ಸಲ್ಲೇ ಇರೋದು. ಬಿತ್ತನೆ ಬೀಜದ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ನಾದ್ಲು. ಆಮೇಲೆ ಎದ್ದು ಹೋಗಿ ಭಾವನ ಹತ್ರ "ರೀ, ನಂಗೆ ಪ್ರೇಮ್ ಪಾಸಿಟಿವ್, ಅದೂ ಮುಕ್ಕಾಲು ಭಾಗಕ್ಕಿಂತ ಜಾಸ್ತಿ" ಅಂದ್ಲು. ಭಾವ ಇನ್ನೂ ನಕ್ಕಿಲ್ಲ.